ಉಳಿತಾಯವೆಲ್ಲ ನನ್ನ ತಲೆಯ ಮೇಲೆಯೇ

೧. ಬಜ್ಜಿ

ಒಂದು ಸಂಜೆ ಆಫೀಸಿನಿಂದ ಮನೆಗೆ ಬಂದೆ. ತಟ್ಟೆಯಲ್ಲಿ ಮಂಡಕ್ಕಿ ಇತ್ತು. ಮೆಣಸಿನಕಾಯಿ ಬಜ್ಜಿ ಇರಲಿಲ್ಲ.

"ಬಜ್ಜಿ ಎಲ್ಲಿ?" ಎಂದೆ.

"ಇವತ್ತಿಂದ ಬಜೆಟ್ಟು," ಎಂದಳು ಹೆಂಡತಿ.

ಆ ಮಧ್ಯಾಹ್ನ ಹೊಳಲ್ಕೆರೆಯ ಮಹಿಳಾ ಸಮಾಜಕ್ಕೆ ದುರ್ಗದಿಂದ ಒಬ್ಬ ಅಮ್ಮ ಜೀಪಿನಲ್ಲಿ ಬಂದಿದ್ದರಂತೆ. ಮನೆಯ ಖರ್ಚು ಕಡಿಮೆ ಮಾಡುವುದು ಹೇಗೆ ಎಂದು ಭಾಷಣ ಮಾಡಿ ಹೋದರಂತೆ. ಸರ್ಕಾರದ ಜೀಪು, ಸರ್ಕಾರದ ಪೆಟ್ರೋಲು. ಖರ್ಚು ಕಡಿಮೆ ಮಾಡಬೇಕಾದವನು ನಾನು.

ಕಾರಣವೇನೋ ಇತ್ತು. ಮಗಳು ಪಿ.ಯು.ಸಿ. ಕೊನೆಯ ವರ್ಷದಲ್ಲಿದ್ದಳು. ಮುಂದೆ ದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಬೇಕು ಎಂಬುದು ಅವಳ ಹಟ. ಫೀಸು, ಹಾಸ್ಟೆಲು, ಪುಸ್ತಕ. ನಾನು ಗುಮಾಸ್ತ. ಸಂಬಳ ತಿಂಗಳು ಮುಗಿಯುವ ಮೊದಲೇ ಮುಗಿಯುತ್ತಿತ್ತು. ಇದು ಗೊತ್ತಿದ್ದ ಹೆಂಡತಿಯ ತಮ್ಮ, ಹೊಸದುರ್ಗದ ನನ್ನ ಬಾಮೈದ, ಆಗಲೇ ಒಂದು ಗಂಡು ಹುಡುಕಿ ಇಟ್ಟುಕೊಂಡಿದ್ದ.

"ಸ್ವಂತ ಎಣ್ಣೆ ಗಾಣ ಐತೆ ಭಾವ. ಓದ್ಸಾಕೆ ಆಗಲ್ಲ ಅಂದ್ಮೇಲೆ ಕೊಟ್ಬಿಡ್ರಿ. ಸುಮ್ನೆ ಮನಿಯಾಗೆ ಯಾಕೆ ಇಟ್ಕಂತೀರಿ?"

ಹೆಂಡತಿ ಅವನಿಗೆ ಒಂದು ಮಾತು ಕೊಟ್ಟುಬಿಟ್ಟಿದ್ದಳು. ಜೂನ್ ಹೊತ್ತಿಗೆ ದುಡ್ಡು ಹೊಂದಿದರೆ ಕಾಲೇಜು. ಹೊಂದದಿದ್ದರೆ ಗಾಣದ ಹುಡುಗ.

ಮಗಳು ತನ್ನ ತಟ್ಟೆಯ ಮಂಡಕ್ಕಿಯಲ್ಲಿ ಅರ್ಧ ನನ್ನ ತಟ್ಟೆಗೆ ಸುರಿದಳು. ಅದಾದ ಮೇಲೆ ಬಜ್ಜಿ ಕೇಳುವುದು ಹೇಗೆ? ಸುಮ್ಮನಾದೆ.

ಮೂಲೆಯಲ್ಲಿ ಕುಳಿತಿದ್ದ ಅವ್ವ ಸುಮ್ಮನಾಗಲಿಲ್ಲ. ಅವಳಿಗೆ ಕಿವಿ ಮಂದ.

"ಏನಂತೆ ಅದು?"

"ಬಜೆಟ್ಟು ಅತ್ತೆ, ಬಜೆಟ್ಟು!" ಎಂದು ಹೆಂಡತಿ ಕೂಗಿದಳು.

"ಬಜ್ಜಿ ಎತ್ತು ಅಂದ್ಲಾ? ಜೀಪ್‌ನಾಗೆ ಬಂದು ಬಜ್ಜಿ ಎತ್ತು ಅಂದ್ಲಾ? ನನ್ನ ಮಗನ ಬಜ್ಜಿ ಎತ್ತಾಕೆ ಆಕಿ ಯಾರು?"

ಆ ಪದದ ಅರ್ಥ ನಮ್ಮ ಮನೆಯಲ್ಲಿ ಸರಿಯಾಗಿ ತಿಳಿದವಳು ಅವ್ವ ಒಬ್ಬಳೇ.

೨. ಪೇಪರು

ಮುಂದಿನ ಏಟು ದಿನಪತ್ರಿಕೆಗೆ. ಪಕ್ಕದ ಮನೆಯ ಮೇಷ್ಟ್ರ ಜತೆ ಅರ್ಧರ್ಧ ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಹೆಂಗಸರಿಬ್ಬರು. ಓದುವವರನ್ನು ಯಾರೂ ಕೇಳಲಿಲ್ಲ.

ಅರ್ಧ ಎಂದರೆ ಬೆಳಿಗ್ಗೆ ಅವರು, ಸಂಜೆ ನಾನು ಎಂದು ತಿಳಿದಿದ್ದೆ. ಮೇಷ್ಟ್ರು ಲೆಕ್ಕದ ಮೇಷ್ಟ್ರು. ಅರ್ಧ ಎಂದರೆ ಅರ್ಧ ಎಂದರು. ಹೊರಗಿನ ಹಾಳೆ ಅವರು ಇಟ್ಟುಕೊಂಡರು. ಒಳಗಿನ ಹಾಳೆ ನನ್ನ ಬಾಗಿಲಿಗೆ ಬಂತು. ಅಂದರೆ ಸುದ್ದಿ ಶುರುವಾಗುವುದು ಅವರ ಮನೆಯಲ್ಲಿ, ಮುಗಿಯುವುದು ನಮ್ಮ ಮನೆಯಲ್ಲಿ.

ಒಂದು ದಿನ ಐದನೇ ಪುಟ ತೆಗೆದರೆ ಹೀಗಿತ್ತು: "ಎಂದು ಕಣ್ಣೀರು ಹಾಕಿದ ಸಚಿವರು, ಬೆಂಬಲಿಗರ ಒತ್ತಾಯಕ್ಕೆ ಮಣಿದು ರಾಜೀನಾಮೆಯನ್ನು ಹಿಂದಕ್ಕೆ ಪಡೆದರು." ಯಾವ ಸಚಿವರು? ಯಾಕೆ ಅತ್ತರು? ಗೋಡೆಯ ಹತ್ತಿರ ಹೋಗಿ ಕೂಗಿದೆ.

"ಮೇಷ್ಟ್ರೇ, ಯಾರ್ರೀ ರಾಜೀನಾಮೆ ಕೊಟ್ಟಿದ್ದು?"

"ಕೊಟ್ಟಿದ್ದು ನನ್ನ ಹತ್ರ ಐತೆ. ಆಮೇಲೇನಾಯ್ತು? ಅದು ನಿಮ್ಮ ಕಡೆ ಬಂದೈತೆ."

"ಮೊದ್ಲು ಹೆಸ್ರು ಹೇಳ್ರಿ."

"ಮೊದ್ಲು ನೀವು ಕೊನೆ ಹೇಳ್ರಿ."

ಅವರು ಹೆಸರು ಹೇಳಲಿಲ್ಲ. ನಾನು ಕೊನೆ ಹೇಳಲಿಲ್ಲ. ಆ ಸಚಿವ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

೩. ಮಜ್ಜಿಗೆ

ನೆಂಟರಿಗೆ ಕಾಫಿ ನಿಂತಿತು. ಕಾಫಿಪುಡಿ, ಸಕ್ಕರೆ, ಹಾಲು, ಮೂರೂ ದುಬಾರಿ. ಬಂದವರಿಗೆಲ್ಲ ಮಜ್ಜಿಗೆ ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದಳು.

ಮೊದಲು ಸಿಕ್ಕಿದವಳು ನನ್ನ ತಂಗಿ. ಅವಳ ಗಂಡನಿಗೆ ಮಾರಿಕಣಿವೆ ಅಣೆಕಟ್ಟಿನಲ್ಲಿ ಕೆಲಸ. ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ, ಬಿಸಿಲಲ್ಲಿ ಬೆಂದು, ನಮಗೆಂದು ಒಂದು ಚೀಲ ಕಡಲೆಕಾಯಿ ಹೊತ್ತುಕೊಂಡು ಬಂದಿದ್ದಳು. ಹೆಂಡತಿ ಲೋಟ ಕೊಟ್ಟಳು. ತಂಗಿ ಲೋಟದೊಳಗೆ ಇಣುಕಿ ನೋಡಿದಳು. ಲೋಟದ ತಳ ಕಾಣುತ್ತಿತ್ತು.

"ಅತ್ಗೆ," ಎಂದಳು, "ನಮ್ಮ ಮಾರಿಕಣಿವೆ ನೀರು ಇದಕ್ಕಿಂತ ಬೆಳ್ಳಗೈತೆ."

ಇರಲಿ. ಕಾನೂನು ಎಲ್ಲರಿಗೂ ಒಂದೇ ಎಂದು ಹಲ್ಲು ಕಚ್ಚಿಕೊಂಡೆ.

ಮಾರನೆಯ ವಾರ ಬಾಮೈದ ಬಂದ. ಅವನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಒಳಗೆ ಕಾಫಿ ಸೋಸುವ ವಾಸನೆ ಬಂತು. ಆಮೇಲೆ ಉಪ್ಪಿಟ್ಟು. ಅದರಲ್ಲಿ ಗೋಡಂಬಿ. ಆಮೇಲೆ ಎಣ್ಣೆ ಚುರ್ ಎಂದಿತು. ಎದ್ದು ಅಡಿಗೆಮನೆಗೆ ಹೋದೆ. ಬಜ್ಜಿ!

"ನೆಂಟರಿಗೆ ಮಜ್ಜಿಗೆ ಅಲ್ವೇನೆ?" ಎಂದೆ.

"ಹೌದು."

"ಮತ್ತೆ ಇವನು?"

"ಇವನೇನು ನೆಂಟನೇನ್ರಿ? ಮನೆ ಹುಡುಗ."

ಮನೆ ಹುಡುಗ ನನ್ನ ಕಣ್ಣೆದುರು ತಟ್ಟೆ ಖಾಲಿ ಮಾಡಿದ. ಬೆರಳು ನೆಕ್ಕಿದ. ಆಮೇಲೆ ಹೇಳಿದ: "ಬಜ್ಜಿಗೆ ಎಣ್ಣೆ ಸಾಲ್ದಾಗೈತೆ ಅಕ್ಕ. ಗಾಣದೋರ ಮನಿಗೆ ಹುಡುಗೀನ ಕೊಟ್ರೆ ನಿಮಗೆ ಈ ತೊಂದ್ರೆನೇ ಇರಲ್ಲ."

೪. ತೂತು

ಕರೆಂಟಿನ ಬಿಲ್ಲು ನೋಡಿ ಹೆಂಡತಿ ಬಚ್ಚಲಿನ ಬಲ್ಬು ಕಿತ್ತಳು. ಬಚ್ಚಲಿಗೂ ಅಡಿಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆಸಿ, ಅಡಿಗೆಮನೆಯ ಬಲ್ಬನ್ನೇ ಆ ತೂತಿನಲ್ಲಿ ನೇತುಹಾಕಿಸಿದಳು. ಒಂದು ಬಲ್ಬು, ಎರಡು ಕಡೆ ಬೆಳಕು. ಒಳ್ಳೆಯದೇ ಎಂದುಕೊಂಡೆ.

ಮರುದಿನ ಸ್ನಾನಕ್ಕೆ ನಿಂತೆ. ಬೆನ್ನಿಗೆ ಸೋಪು ಹಚ್ಚಿದೆ. ಹೊಟ್ಟೆಗೆ ಹಚ್ಚಿದೆ. ಎರಡನೇ ಸಲ ಕೈಗೆ ಹಚ್ಚಲು ಹೋದಾಗ ತೂತಿನಿಂದ ಧ್ವನಿ ಬಂತು.

"ಆಗ್ಲೇ ಹಚ್ಕಂಡ್ರಲ್ರೀ ಕೈಗೆ."

ನಮ್ಮ ಆಫೀಸಿಗೆ ಆಡಿಟ್‌ನವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಬಂದಾಗ ನಾವು ಬಟ್ಟೆಯನ್ನಾದರೂ ಹಾಕಿಕೊಂಡಿರುತ್ತಿದ್ದೆವು.

೫. ಉಣ್ಣೆ

ನಮ್ಮದು ಕುರಿ ಸಾಕಿದ ಮನೆತನ. ನಾನೊಬ್ಬ ಓದಿ ಗುಮಾಸ್ತನಾದೆ. ಮದಕರಿಪುರದಲ್ಲಿದ್ದ ಚಿಕ್ಕಪ್ಪ ಕುರಿ ಬಿಟ್ಟಿರಲಿಲ್ಲ. ಉಣ್ಣೆ ಕತ್ತರಿಸುವುದರಲ್ಲಿ ಅವನಿಗೆ ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು.

ಮೇ ತಿಂಗಳಲ್ಲಿ ಬಾಮೈದ ಹೇಳಿ ಕಳಿಸಿದ. ಬರುವ ಭಾನುವಾರ ಗಾಣದವರನ್ನು ಹೆಣ್ಣು ನೋಡಲು ಕರೆತರುತ್ತಾನಂತೆ. ಜೂನ್ ತನಕ ಅವರು ಕಾಯುವುದಿಲ್ಲವಂತೆ. "ನೋಡಾಕೇನು ದುಡ್ಡು ಕೊಡ್ಬೇಕಾ?" ಎಂದನಂತೆ. ನೋಡಿ ಒಪ್ಪಿದರೆ ಬೇಡ ಎನ್ನುವುದು ಹೇಗೆ? ನಮ್ಮ ಕೈಯಲ್ಲಿ ದುಡ್ಡು ಇನ್ನೂ ಪೂರ್ತಿ ಹೊಂದಿರಲಿಲ್ಲ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬರುವವರ ಎದುರು ಅಪ್ಪ ನೆಟ್ಟಗೆ ಕಾಣಬೇಕಲ್ಲ. ಶುಕ್ರವಾರ ಸಂಜೆ ಕಟಿಂಗ್ ಶಾಪಿಗೆ ಹೊರಟೆ. ಅದೇ ಹೊತ್ತಿಗೆ ಚಿಕ್ಕಪ್ಪ ಬಂದ. ಹತ್ತಿರದ ಹಳ್ಳಿಯಲ್ಲಿ ಒಂದು ಹಿಂಡಿನ ಉಣ್ಣೆ ಕತ್ತರಿಸಿ ಊರಿಗೆ ಹೊರಟಿದ್ದ.

"ಕೂದ್ಲಿಗೆ ದುಡ್ಡು ಕೊಡ್ತಾರೇನ್ಲೇ?" ಎಂದ. "ಕತ್ರಿ ಜತಿಗೇ ಐತೆ. ಬಾ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂಗಳದಲ್ಲಿ ಗೋಣಿಚೀಲ ಹಾಸಿದ್ದಳು.

"ಮಲಗು," ಎಂದ ಚಿಕ್ಕಪ್ಪ.

"ಕುಂತ್ಕಂತೀನಿ."

"ಕುಂತಿದ್ದು ನನಗೆ ರೂಢಿ ಇಲ್ಲ."

ಮಗ್ಗುಲಿಗೆ ಕೆಡವಿದ. ಭುಜದ ಮೇಲೆ ಮೊಣಕಾಲು ಊರಿದ. ಕಿವಿ ಹಿಡಿದು ಪಕ್ಕಕ್ಕೆ ಎಳೆದ. ಕತ್ತರಿ ಕಚಕಚ ಎಂದಿತು. ಎದುರು ಮನೆಯ ಹೆಂಗಸರು ಬಾಗಿಲಿಗೆ ಬಂದರು.

"ಒದ್ದಾಡಬ್ಯಾಡ್ಲೇ. ಚರ್ಮ ಕುಯ್ದು ಹೋದಾತು. ನೂರು ಕುರಿಯಾಗೆ ಒಂದು ಹಿಂಗಿರ್ತೈತೆ."

ಮೀಸೆಯ ಒಂದು ತುದಿಯೂ ಹೋಯಿತು. ಕುರಿಗೆ ಮೀಸೆ ಇರುವುದಿಲ್ಲ, ಅವನ ತಪ್ಪಲ್ಲ. ಮುಗಿದ ಮೇಲೆ ನನ್ನ ಕುಂಡಿಗೆ ಪಟ್ಟೆಂದು ಒಂದು ಬಾರಿಸಿ "ಹೋಗು" ಎಂದ. ಆಮೇಲೆ ತಲೆ ಎತ್ತಿ, ಗೋಡೆಯ ಮೇಲಿಂದ ಇಣುಕುತ್ತಿದ್ದ ಮೇಷ್ಟ್ರನ್ನು ನೋಡಿದ.

"ಮುಂದಿಂದು ಅದೇನಾ?"

ಮೇಷ್ಟ್ರು ಒಳಗೆ ಓಡಿ ಅಗಳಿ ಹಾಕಿಕೊಂಡರು.

೬. ದೊಡ್ಡ ಜೀವ

ಕನ್ನಡಿ ನೋಡಿದೆ. ಅಲ್ಲಲ್ಲಿ ಹುಲ್ಲು, ಅಲ್ಲಲ್ಲಿ ನೆಲ. ಕಟಿಂಗ್ ಶಾಪಿಗೆ ಓಡಿದೆ. ಅವನು ನನ್ನ ತಲೆಯ ಸುತ್ತ ಒಂದು ಪ್ರದಕ್ಷಿಣೆ ಬಂದ. ನುಣ್ಣಗೆ ಬೋಳಿಸದೆ ಬೇರೆ ದಾರಿ ಇಲ್ಲ ಎಂದ. ಮೀಸೆಯನ್ನು ಆ ಕಡೆ ಈ ಕಡೆ ಸಮ ಮಾಡುತ್ತಾ ಹೋಗಿ ಅದನ್ನೂ ಮುಗಿಸಿದ. ಮಾಮೂಲಿಗಿಂತ ಎರಡು ಪಟ್ಟು ದುಡ್ಡು ಕೇಳಿದ.

"ಯಾಕಪ್ಪಾ?"

"ಇದು ಕಟಿಂಗ್ ಅಲ್ಲ ಸ್ವಾಮಿ. ರಿಪೇರಿ."

ಶನಿವಾರ ಆಫೀಸಿಗೆ ಹೋದೆ. ನನ್ನ ತಲೆ ನೋಡಿದ್ದೇ ಹೆಡ್‌ಕ್ಲಾರ್ಕು ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. ನನ್ನದು ಮಾತು ಕಡಿಮೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ.

"ಯಾವಾಗ?" ಎಂದರು.

"ನಿನ್ನೆ ಸಂಜೆ."

"ಇದ್ದಕ್ಕಿದ್ದಂಗೆ?"

"ಹೌದು. ಚಿಕ್ಕಪ್ಪ ಬಂದ."

"ತುಂಬಾ ನರಳಾಟ ಆಯ್ತೇನ್ರಿ?"

"ಆಗ್ದೆ ಇರ್ತೈತಾ? ಮೊಣಕಾಲಲ್ಲಿ ಅದುಮಿ ಹಿಡಿದಿದ್ದ."

ಹೆಡ್‌ಕ್ಲಾರ್ಕು ಕುರ್ಚಿಯಲ್ಲಿ ಕುಸಿದರು. ಅಲ್ಲಿಂದಲೇ "ನೀವು ಮನಿಗೆ ಹೋಗ್ರಿ" ಎಂದರು. ಇಂಥ ತಲೆ ಹೊತ್ತವನು ಸರ್ಕಾರಿ ಕಚೇರಿಯಲ್ಲಿ ಕೂರುವುದು ಸರಿಯಲ್ಲ ಎಂದು ಕಳಿಸುತ್ತಿದ್ದಾರೆ ಎಂದುಕೊಂಡೆ. ಅವಮಾನವಾಯಿತು. ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ಹೆಂಡತಿ "ತಲೆಗೆ ರುಮಾಲಾದ್ರೂ ಸುತ್ಕಳ್ರಿ" ಎಂದಳು. ನಾನು ಸುತ್ತಲಿಲ್ಲ. ಉಳಿತಾಯ ಮಾಡಿದ್ದೆ, ಕಳ್ಳತನ ಮಾಡಿರಲಿಲ್ಲ. ಮಗಳಿಗೆ ರೇಷ್ಮೆ ಸೀರೆ ಉಡಿಸಿ ಒಳಗೆ ಕೂರಿಸಿದ್ದರು. ಅವಳು ಮುಖ ಗೋಡೆಗೆ ತಿರುಗಿಸಿಕೊಂಡಿದ್ದಳು. ಅವ್ವ ಅಡಿಗೆಮನೆಯಲ್ಲಿ ನಿದ್ದೆ ಹೊಡೆಯುತ್ತಿದ್ದಳು.

ಹತ್ತು ಗಂಟೆಗೆ ಬಾಗಿಲಲ್ಲಿ ಸದ್ದಾಯಿತು. ಗಾಣದವರಲ್ಲ, ನಮ್ಮ ಆಫೀಸಿನವರು. ಜವಾನನಿಂದ ಹಿಡಿದು ಎಲ್ಲರೂ ಬಂದಿದ್ದರು. ತಲೆ ತಗ್ಗಿಸಿಕೊಂಡು ಜಗಲಿಯ ಉದ್ದಕ್ಕೂ ಕುಳಿತರು. ಎಲ್ಲಾ ಬಿಟ್ಟು ಇವತ್ತೇ ಬರಬೇಕೇ ಎಂದು ನನಗೆ ಸಿಟ್ಟು.

"ದೊಡ್ಡ ಜೀವ," ಎಂದರು ಹೆಡ್‌ಕ್ಲಾರ್ಕು. "ಏನ್ ಮಾಡಾಕಾಗ್ತೈತೆ?"

ಯಾವ ಜೀವ ಎಂದು ಕೇಳಬೇಕೆನ್ನುವಷ್ಟರಲ್ಲಿ ಬೀದಿಯಲ್ಲಿ ಬಾಮೈದ ಕಾಣಿಸಿದ. ಅವನ ಹಿಂದೆ ಹುಡುಗ, ಹುಡುಗನ ಅಪ್ಪ, ಹುಡುಗನ ಅವ್ವ. ಕೈಯಲ್ಲಿ ಹೂವು ಹಣ್ಣು. ಜಗಲಿಯ ಮುಂದೆ ಬಂದು ನಾಲ್ವರೂ ನಿಂತರು. ಸಾಲಾಗಿ ತಲೆ ತಗ್ಗಿಸಿ ಕುಳಿತ ಗಂಡಸರನ್ನು ನೋಡಿದರು. ನನ್ನ ಬೋಳುತಲೆ ನೋಡಿದರು. ಮೀಸೆ ಇದ್ದ ಜಾಗ ನೋಡಿದರು.

ಹುಡುಗನ ಅವ್ವ ಹಣ್ಣಿನ ಚೀಲವನ್ನು ಹಿಂದಕ್ಕೆ ಎಳೆದುಕೊಂಡಳು.

"ಸೂತಕದ ಮನಿಗೆ ಹೆಣ್ಣು ನೋಡಾಕೆ ಕರ್ಕಂಡು ಬಂದೀಯೇನೋ!" ಎಂದು ಬಾಮೈದನಿಗೆ ಕೂಗಿದಳು.

ಬಾಮೈದ ನನ್ನ ತಲೆಯನ್ನೇ ನೋಡಿದ. ಅವನ ಮುಖ ಸೊಟ್ಟಗಾಯಿತು. "ಅಯ್ಯೋ ಅತ್ತೇ! ನನಗೊಂದು ಮಾತು ಹೇಳ್ದಂಗೆ ಹೋದ್ಯಲ್ಲೇ!" ಎಂದು ಹೊಸ್ತಿಲ ಮೇಲೆ ಬಿದ್ದು ಅಳತೊಡಗಿದ. ಅವನು ಅತ್ತದ್ದು ನೋಡಿ ನಮ್ಮ ಜವಾನನೂ ಅತ್ತ.

ಈ ಗಲಾಟೆ ಅವ್ವನ ಮಂದ ಕಿವಿಗೂ ಕೇಳಿಸಿತು. ನಿದ್ದೆಯಿಂದ ಎದ್ದು, ಕೆದರಿದ ಬಿಳಿ ಕೂದಲಲ್ಲೇ ಬಾಗಿಲಿಗೆ ಬಂದಳು.

"ಯಾರ್ ಹೋದ್ರಲೇ?" ಎಂದಳು.

ಹೆಡ್‌ಕ್ಲಾರ್ಕು ಅವಳನ್ನು ನೋಡಿ ಜಗಲಿಯಿಂದ ಕೆಳಕ್ಕೆ ಹಾರಿದರು. ಗಾಬರಿಯಲ್ಲಿ ಅವರ ಬಾಯಿಂದ ನಿಜವೇ ಬಂತು.

"ನೀವೇ ಕಣವ್ವಾ!"

ಅವ್ವ ಅಲ್ಲೇ ಇದ್ದ ಕಸಪೊರಕೆ ತೆಗೆದುಕೊಂಡಳು. ಅಷ್ಟರಲ್ಲಿ ಗಾಣದವರು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು. ಸೂತಕ ಅಲ್ಲ, ಉಣ್ಣೆ ಕತ್ತರಿ ಎಂದು ಅಕ್ಕನಿಂದ ತಿಳಿದ ಬಾಮೈದ ಹಿಂದೆ ಓಡಿ ಹೇಳಿದನಂತೆ. ಹುಡುಗನ ಅಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಮನಿ ಯಜಮಾನನ್ನೇ ಕೆಡವಿ ಉಣ್ಣೆ ಕತ್ರಿಸ್ತಾರಂದ್ರೆ ಅಳಿಯನ್ನ ಏನು ಮಾಡ್ತಾರಪ್ಪಾ?" ಎಂದು ಕೇಳಿದನಂತೆ.

ಮಗಳು ರೇಷ್ಮೆ ಸೀರೆಯಲ್ಲೇ ಹೊರಗೆ ಬಂದಳು. ನನ್ನ ತಲೆ ನೋಡಿ, ಕಂಬ ಹಿಡಿದುಕೊಂಡು ನಕ್ಕಳು.

ಗಾಣದವರು ಮತ್ತೆ ಬರಲಿಲ್ಲ. ದುಡ್ಡು ಹಾಗೂ ಹೀಗೂ ಹೊಂದಿತು. ಜೂನ್‌ನಲ್ಲಿ ಮಗಳು ದುರ್ಗದ ಕಾಲೇಜು ಸೇರಿದಳು. ನನಗೆ ಮೀಸೆ ಬರಲು ಆಗಸ್ಟ್ ಆಯಿತು.