ಬೆಕ್ಕಿಗೆ ಸೂಜಿ ಅಂದ್ರೆ ಭಯ

ದರ್ಜಿ ಮೂಗಿಗೆ ಅಸ್ತರಿನ ಬಟ್ಟೆಯ ತುಂಡೊಂದನ್ನು ಕಟ್ಟಿಕೊಂಡು, ಮನೆಯ ಹಿಂದಿನ ಮೆಟ್ಟಿಲ ಬಳಿ ಬೆಕ್ಕಿನ ಮರಳು ಪೆಟ್ಟಿಗೆಯನ್ನು ಚೊಕ್ಕಟ ಮಾಡುತ್ತಿದ್ದ. ಪಕ್ಕದಲ್ಲಿ ಮಗಳು ಹಲ್ಲುಜ್ಜುತ್ತಾ, ಬಾಯ್ತುಂಬ ನೊರೆ ಇಟ್ಟುಕೊಂಡು, ಅಪ್ಪನ ಸಾಹಸವನ್ನು ನೋಡುತ್ತಿದ್ದಳು. ಆಗಲೇ ಮೇಲಿನ ಮನೆಯ ಟೀಚರಮ್ಮ ಇಳಿದು ಬಂದರು. ಅವರು ಶಾಲೆಯಿಂದ ನಿವೃತ್ತರಾಗಿದ್ದರು, ಪ್ರಶ್ನೆ ಕೇಳುವುದರಿಂದ ಆಗಿರಲಿಲ್ಲ.

"ಏನಪ್ಪಾ ಇದು ಹೊಸ ಅವತಾರ? ಇಷ್ಟು ವರ್ಷ ನಿನ್ನ ಹೆಂಡತಿ ತಾನೇ ಇದನ್ನ ಮಾಡ್ತಿದ್ದಿದ್ದು?"

"ಅವಳಿಗೆ ಸ್ವಲ್ಪ... ಸೊಂಟ ನೋವು ಟೀಚರಮ್ಮಾ."

"ಸೊಂಟ ನೋವಿಗೆ ರಕ್ತ ಯಾಕೆ ಕೊಟ್ಲು? ನಿನ್ನೆ ಲ್ಯಾಬಲ್ಲಿ ತೋಳು ಮಡಚ್ಕೊಂಡು ಕೂತಿದ್ಲು, ನಾನೇ ಕಣ್ಣಾರೆ ನೋಡಿದೀನಿ."

ದರ್ಜಿಯ ಎದೆ ಎಣ್ಣೆ ಕಾಣದ ಹೊಲಿಗೆ ಮೆಷಿನ್ನಿನಂತೆ ಬಡಿಯತೊಡಗಿತು. ಹೆಂಡತಿ ಬಸುರಿ. ಹಿಂದಿನ ಸಲ ವಿಷಯ ತಿಳಿದ ಗಳಿಗೆಯಲ್ಲೇ ಅವನು ಇಡೀ ಕಟ್ಟಡಕ್ಕೆ ಸಾರಿಬಿಟ್ಟಿದ್ದ. ಆ ಮಗು ನಿಲ್ಲಲಿಲ್ಲ. ಆಮೇಲೆ ಮೆಟ್ಟಿಲಲ್ಲಿ ಎದುರಾದವರೆಲ್ಲ ಸಮಾಧಾನ ಹೇಳಿ ಹೇಳಿ, ಅವಳು ಬಾಗಿಲು ತೆರೆಯುವುದನ್ನೇ ಬಿಟ್ಟಿದ್ದಳು. ಈ ಸಲ ಅವಳು ಕೇಳಿಕೊಂಡದ್ದು ಒಂದೇ. "ಸ್ಕ್ಯಾನ್ ಆಗೋವರೆಗೂ ಯಾರಿಗೂ ಹೇಳ್ಬೇಡಿ ರೀ. ಪುಟ್ಟಿಗೂ ಬೇಡ."

ಇದರ ನಡುವೆ, ಮನೆಯಲ್ಲಿ ಬೆಕ್ಕಿದೆ ಎಂದು ಕೇಳಿದ ಡಾಕ್ಟರಮ್ಮ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುವಿನ ಪರೀಕ್ಷೆ ಬರೆದುಕೊಟ್ಟಿದ್ದರು. ಬೆಕ್ಕಿನ ಹೊಲಸಿನಿಂದಲೋ ಮಣ್ಣಿನಿಂದಲೋ ಅರೆಬೆಂದ ಮಾಂಸದಿಂದಲೋ ಅಂಟುವಂಥದ್ದು. ಸಾಮಾನ್ಯವಾಗಿ ದೊಡ್ಡವರಿಗೆ ಬಂದು ಹೋದದ್ದೂ ತಿಳಿಯುವುದಿಲ್ಲ. ಬಸುರಿಗೆ ಹೊಸದಾಗಿ ತಗುಲಿದರೆ ಮಾತ್ರ ಹೊಟ್ಟೆಯ ಕೂಸಿಗೆ ಅಪಾಯ. ಫಲಿತಾಂಶ ಸಂಜೆಗೆ ಬರುವುದಿತ್ತು. ಅಲ್ಲಿಯವರೆಗೆ ಪೆಟ್ಟಿಗೆ ಗಂಡನ ಪಾಲಿಗೆ.

"ಅದು... ಬೆಕ್ಕಿಂದ ಬರೋ ಒಂದು ಕಾಯಿಲೆಗೆ ಪರೀಕ್ಷೆ," ಎಂದ ದರ್ಜಿ.

"ಬೆಕ್ಕು ಇವತ್ತು ನಿನ್ನೆದಾ? ಈಗ್ಯಾಕೆ ಪರೀಕ್ಷೆ?"

"ಬೆಕ್ಕು... ಮರಿ ಹಾಕೋದಿದೆ."

ಮಗಳ ಬ್ರಷ್ಷು ಬಾಯಲ್ಲೇ ನಿಂತಿತು. ಅವಳು ಏನೋ ಹೇಳಹೊರಟಳು, ನೊರೆ ಗಲ್ಲಕ್ಕಿಳಿಯಿತು. "ಹೋಗು ಪುಟ್ಟಿ, ಬಾಯಿ ತೊಳ್ಕೋ!" ಎಂದು ಅಪ್ಪ ಅಟ್ಟಿದ.

"ಮರಿ ಹಾಕೋದು ಬೆಕ್ಕು, ರಕ್ತ ಕೊಡೋದು ನಿನ್ನ ಹೆಂಡತಿನಾ?"

"ಬೆಕ್ಕಿಗೆ ಸೂಜಿ ಅಂದ್ರೆ ಭಯ ಟೀಚರಮ್ಮಾ."

ಹೇಳಿದ ಮೇಲೆ ದರ್ಜಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. "ಅಂದ್ರೆ... ಮನೆಯವರ ರಕ್ತ ನೋಡಿದ್ರೂ ಗೊತ್ತಾಗುತ್ತಂತೆ. ಹೊಸದಾಗಿ ಬಂದಿರೋ ಪದ್ಧತಿ."

ಹೊಸದೊಂದು ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜೀವವಲ್ಲ ಟೀಚರಮ್ಮ. "ಹೌದೌದು, ಓದಿದ ನೆನಪು," ಎಂದು ತಲೆಯಾಡಿಸಿ ಮೇಲೆ ಹೋದರು.

ದರ್ಜಿ ಅಂಗಡಿಯ ಬಾಗಿಲೆತ್ತುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ರವಿಕೆಯ ಅಳತೆ ಕೊಡಲು ಬಂದವರು ಬಿಳಿ ಮರಿ ಬೇಕೆಂದರು. ಪ್ಯಾಂಟು ಗಿಡ್ಡ ಮಾಡಿಸಲು ಬಂದವನು ಇಲಿ ಹಿಡಿಯುವ ಜಾತಿಯದೇ ಬೇಕೆಂದು ಹಟ ಹಿಡಿದ. ಎಲ್ಲರಿಗೂ "ಆಗಲಿ, ನೋಡೋಣ" ಎನ್ನುತ್ತ ದರ್ಜಿ ಹುಟ್ಟದ ಮರಿಗಳನ್ನು ಹಂಚುತ್ತ ಹೋದ. ಆ ಗಲಿಬಿಲಿಯಲ್ಲಿ ಒಬ್ಬರ ಅಂಗಿಗೆ ಎರಡೂ ಎಡತೋಳು ಹೊಲಿದುಬಿಟ್ಟ.

ಮಧ್ಯಾಹ್ನ ಎದುರುಮನೆಯ ತಾತ ಬುಸುಗುಟ್ಟುತ್ತ ಬಂದರು. ಒಂದು ಕಾಲದಲ್ಲಿ ಯಾವುದೋ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಈಗಲೂ ಎಲ್ಲರ ನಾಡಿ ಹಿಡಿಯುತ್ತಿದ್ದರು, ಕೇಳಿದರೂ ಕೇಳದಿದ್ದರೂ.

"ಮರಿ ಸಾಕೋದು ಅಂದ್ಮೇಲೆ ನಂದೂ ರಕ್ತ ನೋಡಿಸೋಣ ಅಂತ ಲ್ಯಾಬಿಗೆ ಹೋಗಿದ್ದೆ ಕಣಯ್ಯಾ. ಆ ಹುಡುಗಿ, 'ಯಾಕೆ ತಾತಾ, ನಿಮಗೆಷ್ಟು ತಿಂಗಳು?' ಅನ್ನೋದೇ!"

ದರ್ಜಿಯ ಕೈಯಿಂದ ಕತ್ತರಿ ಬಿತ್ತು.

"ಅದನ್ನ ಹೆಚ್ಚಾಗಿ ಬಸುರಿ ಹೆಂಗಸರಿಗೆ ಮಾಡೋದಂತೆ. ಎಲ್ಲೋ ಏನೋ ತಾಳೆ ಆಗ್ತಿಲ್ಲ. ಸಂಜೆ ಬಂದು ಬೆಕ್ಕಿನ ಹೊಟ್ಟೆ ನಾನೇ ಮುಟ್ಟಿ ನೋಡ್ತೀನಿ. ಹೊಟ್ಟೆ ಸುಳ್ಳು ಹೇಳಲ್ಲ."

ಶಾಲೆಯಿಂದ ಬಂದ ಮಗಳು ಅಪ್ಪನ ಅಂಗಿ ಜಗ್ಗಿದಳು. "ಅಪ್ಪಾ, ಒಂದು ಕೇಳ್ಲಾ?"

"ಈಗ ಬೇಡ ಬಂಗಾರಾ."

ಸಂಜೆ ಫೋನು ಬಂತು. ದರ್ಜಿ ಮತ್ತು ಹೆಂಡತಿ ಅಡುಗೆಮನೆಯ ಮೂಲೆಯಲ್ಲಿ ಒಂದೇ ಫೋನಿಗೆ ಎರಡು ಕಿವಿ ಹಚ್ಚಿ ನಿಂತರು.

"ಯಾವಾಗಲೋ ಹಿಂದೆ ಬಂದು ಹೋಗಿದೆ, ಬಹುಶಃ ಚಿಕ್ಕವರಿದ್ದಾಗಲೇ," ಎಂದರು ಡಾಕ್ಟರಮ್ಮ. "ಹೊಸದೇನೂ ಇಲ್ಲ. ಈ ವಿಷಯದಲ್ಲಿ ಮಗುವಿಗೆ ಭಯ ಬೇಡ. ಬೆಕ್ಕು ಆರಾಮವಾಗಿ ಮನೇಲೇ ಇರಲಿ."

"ಹಾಗಾದ್ರೆ ಡಾಕ್ಟ್ರೇ, ಆ ಮರಳು ಪೆಟ್ಟಿಗೆ..."

"ಅದನ್ನ ನೀವೇ ಮಾಡಿ. ಕೈ ಪಳಗಿದೆಯಲ್ಲ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಬಹಳ ದಿನಗಳ ಮೇಲೆ ಅವಳ ನಗು ಕೆನ್ನೆಯವರೆಗೂ ಬಂದಿತ್ತು. "ಸ್ಕ್ಯಾನ್ ಒಂದು ಆಗಿಬಿಡ್ಲಿ ರೀ. ಅಲ್ಲೀವರೆಗೂ ಬಾಯಿ ಭದ್ರ."

"ನನ್ನ ಬಾಯಾ? ಕಾಜಾ ಹಾಕಿ ಗುಂಡಿ ಹಚ್ಚಿಬಿಟ್ಟಿದೀನಿ ಕಣೇ!"

ಅಷ್ಟರಲ್ಲಿ ಹಾಲ್ ತುಂಬಿತು. ಟೀಚರಮ್ಮ ಮರಿಗಳಿಗೆಂದು ಮೆತ್ತನೆ ಬಟ್ಟೆ ಹಾಸಿದ ಬುಟ್ಟಿ ತಂದಿದ್ದರು. ಅವರ ಹಿಂದೆ ಮರಿ ಕೇಳಿದವರೆಲ್ಲ ನಿಂತಿದ್ದರು. ತಾತ ಅಂಗಿಯ ತೋಳು ಮಡಚಿ, ಬೀರುವಿನ ಮೇಲೆ ಮಲಗಿದ್ದ ಬೆಕ್ಕನ್ನು ಇಳಿಸಿ ಮಡಿಲಿಗೆ ಹಾಕಿಕೊಂಡರು.

"ಮುಟ್ಬೇಡಿ ತಾತಾ, ಅದಕ್ಕೆ ನಾಚಿಕೆ ಜಾಸ್ತಿ!" ಎಂದು ದರ್ಜಿ ಅಡ್ಡ ಬಂದ.

"ಸುಮ್ನಿರಯ್ಯಾ," ಎಂದು ತಾತ ಹೊಟ್ಟೆ ಒತ್ತಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಒತ್ತಿದರು. ಬೆಕ್ಕು ಸುಖವಾಗಿ ಗುರುಗುಟ್ಟಿತು. "ಇನ್ನೂ ಎಳೇದು. ಆದ್ರೆ ಇದೆ. ಖಂಡಿತ ಇದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿಗೆ ಹೋದ ಜೀವ ಮರಳಿತು. ತಾತನ ಕಾಲಿಗೇ ಬೀಳೋಣ ಅನ್ನಿಸಿತು.

"ಅಪ್ಪಾ, ಒಂದೇ ಒಂದು..." ಎಂದಳು ಮಗಳು.

"ಆಮೇಲೆ ಪುಟ್ಟಿ, ಆಮೇಲೆ."

ಟೀಚರಮ್ಮನ ಹುಬ್ಬು ಮೇಲೇರಿತು. "ಪ್ರಶ್ನೆ ಕೇಳೋ ಮಗೂನ ತಡೀಬಾರದಪ್ಪಾ. ನಿಂತ್ಕೊಂಡು, ಎಲ್ಲರಿಗೂ ಕೇಳೋ ಹಾಗೆ ಜೋರಾಗಿ ಕೇಳು ಪುಟ್ಟಿ."

ಮಗಳು ಕುರ್ಚಿಯ ಮೇಲೆ ಹತ್ತಿ ನಿಂತಳು. ಮೊದಲು ಬೆಕ್ಕನ್ನು ನೋಡಿದಳು, ಆಮೇಲೆ ಅಪ್ಪನನ್ನು. ಕೊನೆಗೆ, ಅಡುಗೆಮನೆಯ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ ಅಮ್ಮನನ್ನು ನೋಡಿದಳು.

"ಅಪ್ಪಾ, ನಮ್ಮ ಬೆಕ್ಕು ಗಂಡು ಅಲ್ವಾ? ಮತ್ತೆ ಮರಿ ಇರೋದು ಯಾರ ಹೊಟ್ಟೇಲಿ?"