ಔರಾದ ದಾರಿಯ ಬಿಕ್ಕಳಿಕೆ

ಕೆಲವರ ಮನೆಗೆ ನೆಂಟರ ಕಾಟ ತಪ್ಪುವುದಿಲ್ಲ, ಕೆಲವರಿಗೆ ಸೊಂಟನೋವು ತಪ್ಪುವುದಿಲ್ಲ. ನನಗೆ ತಪ್ಪದೇ ಇರುವುದು ನಮ್ಮ ಹಳೇ ಕಾರಿನ ಫಜೀತಿ. ಒಂದು ಮುಗಿಯಿತು ಅಂತ ಉಸಿರು ಬಿಡುವುದರೊಳಗೆ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ.

ಬೀದರಿನ ಚಿದ್ರಿಯಲ್ಲಿ ನಮ್ಮ ಮನೆ. ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ದಿನಾ ಭಾಲ್ಕಿಗೆ ಹೋಗಿ ಬರುವಾಗ ಕಾರು ಮುತ್ತಿನಂಥ ಕಾರು. ತಿಂಗಳಿಗೊಂದು ಭಾನುವಾರ ಅವ್ವನನ್ನು ಕೂರಿಸಿಕೊಂಡು ಔರಾದಿಗೆ ಹೊರಟರೆ ಮಾತ್ರ, ಊರು ದಾಟುವುದರೊಳಗೆ ಇಂಜಿನ್ ‘ಡುಗ್… ಡುಗ್’ ಎಂದು ಎಡವತೊಡಗುತ್ತದೆ. ಇದಕ್ಕೆ ನಮ್ಮ ಕಡೆ ‘ಮಿಸ್ಸಿಂಗ್ ಹೊಡಿಯೋದು’ ಅನ್ನುತ್ತಾರೆ. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸಕ್ಕೆ ಚಕ್ಕರ್ ಹೊಡೆದರೆ ಉಳಿದ ಮೂರು ಗೊಣಗುತ್ತಾ ಎಳೆಯಬೇಕು. ನಮ್ಮ ಶಾಲೆಯ ಸ್ಟಾಫ್ ರೂಮಿನ ಹಾಗೆ.

ಬರೀ ತಮಾಷೆಯಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಕಾರಿಗೆ ಹದಿನೈದು ವರ್ಷ ತುಂಬಲು ಬಂದಿತ್ತು. ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಮತ್ತೆ ರಸ್ತೆಗೆ, ಇಲ್ಲವಾದರೆ ಗುಜರಿಗೆ. ಔರಾದಿನಲ್ಲಿ ಅವ್ವನ ಒಬ್ಬಳೇ ಅಕ್ಕ, ಅಂದರೆ ನನ್ನ ದೊಡ್ಡವ್ವ ಇದ್ದಾಳೆ. ಮಂಡಿನೋವು, ಅವಳು ಅಂಗಳ ದಾಟುವುದಿಲ್ಲ. ಅವ್ವನಿಗೆ ಈ ಕಾರೊಂದನ್ನು ಬಿಟ್ಟು ಬೇರೆ ಯಾವ ವಾಹನ ಹತ್ತಿದರೂ ವಾಂತಿ. ಕಾರು ಗುಜರಿಗೆ ಹೋದರೆ ಅಕ್ಕತಂಗಿಯರ ಭೇಟಿಯೂ ಅದರ ಜೊತೆಗೇ ಹೋದಂತೆ. ಈ ಚಿಂತೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಸಿಟ್ಟಂತೂ ನನಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿದೆ.

ಬಸ್ಸಿನ ಪರೀಕ್ಷೆ

ಕಾರಿನ ಮೇಲೆ ಭರವಸೆ ಕಳೆದುಕೊಂಡು ಒಮ್ಮೆ ಬಸ್ಸಿನ ದಾರಿ ನೋಡಿದೆ. ಔರಾದಿಗೆ ರೈಲಿಲ್ಲ, ಬಸ್ಸೇ ಗತಿ. ಅವ್ವನ ಕೈಗೆ ನಿಂಬೆಹಣ್ಣು ಕೊಟ್ಟೆ, ಬಾಯಿಗೆ ಲವಂಗ ಹಾಕಿದೆ, ಕಿಟಕಿ ಪಕ್ಕದ ಸೀಟು ಹಿಡಿದೆ. ‘ದೂರ ನೋಡ್ಕೊಂತ ಕೂಡು, ಏನೂ ಆಗಂಗಿಲ್ಲ’ ಎಂದೆ. ಅವ್ವ ದೂರಕ್ಕೆ, ಅಂದರೆ ಎದುರು ನಿಂತಿದ್ದ ಇನ್ನೊಂದು ಬಸ್ಸಿನ ಕಡೆಗೆ, ದೃಷ್ಟಿ ನೆಟ್ಟು ಕುಳಿತಳು.

ಕಂಡಕ್ಟರ್ ಇನ್ನೂ ಕೆಳಗೆ ನಿಂತು ಚಹಾ ಕುಡಿಯುತ್ತಿದ್ದ. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಆತ ಚಹಾದ ಕಪ್ಪಿನ ಸಮೇತ ಪಕ್ಕಕ್ಕೆ ಹಾರಿದ.

‘ಅಮ್ಮಾರೆ, ಬಸ್ ಇನ್ನಾ ಚಾಲೂನೇ ಆಗಿಲ್ಲಲ್ರಿ!’

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: ‘ಆಗ್ತದಂತ ಗೊತ್ತದಲ್ಲಪ್ಪಾ.’

ಉಸ್ತಾದರ ತೀರ್ಪು

ನಮ್ಮ ಮೆಕ್ಯಾನಿಕ್ಕನ್ನು ಬಡಾವಣೆಯೆಲ್ಲ ‘ಉಸ್ತಾದ’ ಎಂದೇ ಕರೆಯುತ್ತದೆ. ಭಾನುವಾರ ಔರಾದ ದಾರಿಯಲ್ಲಿ ಕಾರು ನನ್ನ ಮಾನ ಕಳೆದರೆ, ಸೋಮವಾರ ಸಂಜೆ ನಾನು ಅವರ ಗ್ಯಾರೇಜಿಗೆ. ಅವರು ಕಾರಿನಲ್ಲಿ ಕುಳಿತು ಒಂದು ಸುತ್ತು ಹೊಡೆದು ಬರುತ್ತಾರೆ. ಕಾರು ಮಾವನ ಮನೆಗೆ ಬಂದ ಹೊಸ ಅಳಿಯನಷ್ಟು ಸಭ್ಯ. ಒಂದು ಕೆಮ್ಮಿಲ್ಲ, ಒಂದು ಸೀನಿಲ್ಲ.

ಆದರೂ ನನ್ನ ಮುಖ ನೋಡಿ ಒಮ್ಮೆ ಕಿಡಿ ಹೊತ್ತಿಸುವ ಪ್ಲಗ್ ಬದಲಿಸಿದರು. ಮುಂದಿನ ತಿಂಗಳು ಪ್ಲಗ್ಗಿನ ವೈರುಗಳು. ಅದರ ಮುಂದಿನ ತಿಂಗಳು ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್. ಪ್ರತಿ ಸಲವೂ ‘ಈಗ ನೋಡ್ರಿ ಸರ್, ಮಸ್ಕಾ! ಬೆಣ್ಣಿ ಹಂಗ ಓಡ್ತದ’ ಎನ್ನುವರು. ಭಾನುವಾರ ಬಂದರೆ ಮತ್ತೆ ಡುಗ್.

ಕೊನೆಗೆ ಆ ಸಪ್ಪಳವನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ ಕೇಳಿಸಿದೆ. ಉಸ್ತಾದರು ಫೋನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದರು.

‘ಇಂಜಿನ್ ಆವಾಜ್ ಎಲ್ಲದ ಸರ್? ಅಮ್ಮಾರು ದೇವ್ರ ಹೆಸ್ರು ತೊಗೊಳ್ಳೋದೇ ಕೇಳ್ತದ.’

ಆಮೇಲೆ ಬಾನೆಟ್ಟಿನೊಳಗೆ ಮೂಗು ಚಾಚಿದರು. ‘ಖೊಬ್ರಿ ವಾಸನಿ ಬರ್ಲಾಕತ್ತದಲ್ರಿ.’

ನಾನು ತಲೆಗೆ ಬಳಿದುಕೊಂಡಿದ್ದ ಕೊಬ್ಬರಿ ಎಣ್ಣೆಯನ್ನು ನೆನೆದು, ನಾಚಿಕೊಂಡು ಹಿಂದೆ ಸರಿದೆ.

‘ಹಾಂ, ಈಗ ಕಮ್ಮಿ ಆಯ್ತ್ರಿ’ ಎಂದು ಬಾನೆಟ್ ಮುಚ್ಚಿದರು. ‘ಸರ್, ಸಿಟ್ಟಾಗಬ್ಯಾಡ್ರಿ. ಗಾಡಿ ಬರಾಬರ್ ಅದ. ಒಂದ್ ಸಲ ನಿಮ್ಮ ಕಿವಿ ತೋರಿಸ್ಕೊಳ್ರಿ.’

ದಿಕ್ಕಿನ ದೋಷ

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಬಿಡುವಿನಲ್ಲಿ ವಾಸ್ತು ಹೇಳುತ್ತಾರೆ. ಅವರಿಗೆ ಬಿಡುವೇ ಹೆಚ್ಚು. ತಪಾಸಣೆಗೆ ಇನ್ನೇನು ತಿಂಗಳು ಉಳಿದಿದೆ ಎನ್ನುವಾಗ, ನಂಬಿಕೆ ಇಲ್ಲದ ನಾನೂ ಅವರ ಮುಂದೆ ಹೋಗಿ ಕುಳಿತೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಅವರು ಸೀಮೆಸುಣ್ಣದಿಂದ ಮೇಜಿನ ಮೇಲೆ ಕಾರು ಬರೆದರು. ಚಿತ್ರ ನಮ್ಮ ಕಾರಿಗಿಂತ ಚೆನ್ನಾಗಿತ್ತು.

‘ಭಾಲ್ಕಿಗಿ ಬರೋವಾಗ ತ್ರಾಸ ಇಲ್ಲ?’

‘ಇಲ್ರಿ.’

‘ಔರಾದಿಗಿ ಹೋಗೋವಾಗ ಅದ?’

‘ಅದ ರೀ. ಅಲ್ಲಿಂದ ತಿರುಗಿ ಬರೋವಾಗೂ ಅದ.’

ಕೊನೆಯ ಮಾತು ತಮ್ಮ ಲೆಕ್ಕಕ್ಕೆ ಹೊಂದುವುದಿಲ್ಲವೆಂದು ಅದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ‘ಔರಾದ ಉತ್ತರಕ್ಕದ’ ಎಂದು ಚಿತ್ರದ ಕಾರಿನ ಮೂತಿಯ ಮೇಲೆ ಬೆರಳಿಟ್ಟರು. ‘ನಿಮ್ಮ ಗಾಡಿ ಮೋತಿಗಿ ಉತ್ತರ ಆಗಿಬರಂಗಿಲ್ಲ ನೋಡ್ರಿ, ಅಷ್ಟೇ.’

ನನಗೆ ಸಿಟ್ಟು ನೆತ್ತಿಗೇರಿತು. ‘ಹಂಗಾದ್ರ ಉತ್ತರಕ್ಕ ಹ್ಯಾಂಗ ಹೋಗ್ಬೇಕ್ರಿ?’

ಅವರು ಒಂದು ಕ್ಷಣವೂ ತಡೆಯಲಿಲ್ಲ. ‘ರಿವರ್ಸ್‌ನಾಗ ಹೋಗ್ರಿ. ಮೋತಿ ದಕ್ಷಿಣಕ್ಕೇ ಇರ್ತದಲ್ಲ!’

ದೊಡ್ಡವ್ವ ಬಿದ್ದ ದಿನ

ಒಂದು ಬೆಳಿಗ್ಗೆ ಔರಾದಿನ ನೆರೆಮನೆಯವರಿಂದ ಫೋನು: ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ಅವಳ ಮಗ ಎಕಂಬಾದ ಹೊಲಕ್ಕೆ ಹೋದವನು ಫೋನು ಎತ್ತುತ್ತಿಲ್ಲ. ಅವ್ವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಥ ಹೊತ್ತಿನಲ್ಲೂ ‘ಕಾಯಿ ಒಡೀದೆ ಗಾಡಿ ತೆಗಿಬ್ಯಾಡ’ ಎಂದಳು. ಔರಾದಿಗೆ ಹೊರಡುವ ಮುಂಚೆ ಕಾರಿಗೆ ತೆಂಗಿನಕಾಯಿ ಒಡೆಯುವುದು ಅವಳ ಪದ್ಧತಿ. ನಾನು ಒಳಗೆ ಅಂಗಿ ತೊಡುವಷ್ಟರಲ್ಲಿ ಪೂಜೆ ಮುಗಿಸಿ, ಕೊಬ್ಬರಿ ಚೂರು ನನ್ನ ಕೈಗಿಟ್ಟು, ಸೀಟಿನಲ್ಲಿ ಕುಳಿತಿದ್ದಳು.

ಕಾರು ಅಂದು ಎಡವಿದಂತೆ ಎಂದೂ ಎಡವಿರಲಿಲ್ಲ. ಏರು ಬಂದರೆ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಕನಿಕರ ಪಡುತ್ತಿದ್ದರು. ನಾನು ಸ್ಟೇರಿಂಗಿಗೆ ಬಡಿಯುತ್ತಿದ್ದೆ, ಬೈಯುತ್ತಿದ್ದೆ. ಅವ್ವ ಡ್ಯಾಶ್‌ಬೋರ್ಡ್ ಸವರುತ್ತಾ ‘ನಡಿ ನನ್ನವ್ವ, ನಡಿ. ಅಕ್ಕನ ಮೋತಿ ಒಂದ್ ಸಲ ತೋರ್ಸು’ ಎಂದು ಕಣ್ಣೀರು ಹಾಕುತ್ತಿದ್ದಳು. ಹಾಳಾದ ಕಾರು ಒಂದು ದಿನವಾದರೂ ಮನುಷ್ಯರ ಹಾಗೆ ನಡೆಯಬಾರದೇ ಅನ್ನಿಸಿತು.

ಅಂತೂ ಮುಟ್ಟಿದೆವು. ಅವ್ವ ಅಳುತ್ತಲೇ ಒಳಗೆ ಓಡಿದಳು. ದೊಡ್ಡವ್ವ ಗೋಡೆಗೆ ಒರಗಿ, ಕಾಲು ಚಾಚಿ, ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಕಾಲು ಸ್ವಲ್ಪ ಉಳುಕಿತ್ತು, ಬಾಯಿಗೆ ಏನೂ ಆಗಿರಲಿಲ್ಲ.

‘ಈಗ ಬಂದ್ರೇನು?’ ಎಂದಳು. ‘ನಾ ಖರೇನೇ ಸತ್ತಿದ್ರ, ಮೂರನೇ ದಿನದ ಊಟಕ್ಕ ಮುಟ್ತಿದ್ರಿ.’

ಸಾಹೇಬರ ಮುಂದೆ

ತಪಾಸಣೆಯ ದಿನ ಬಂದೇಬಿಟ್ಟಿತು. ಪಾಸಾದರೆ ಅಲ್ಲಿಂದ ನೇರವಾಗಿ ಔರಾದಿಗೆ ಹೋಗುವುದೆಂದು ಅವ್ವ ಬುತ್ತಿ ಕಟ್ಟಿದ್ದಳು. ನಾನು ಕಾರಿನ ಕಾಗದಪತ್ರ ತೆಗೆದುಕೊಳ್ಳಲು ಸ್ನಾನಕ್ಕೂ ಮುಂಚೆ ಹೊರಗೆ ಬಂದೆ.

ಬಾನೆಟ್ ತೆರೆದಿತ್ತು. ಅವ್ವ ಭಕ್ತಿಯಿಂದ ಕಣ್ಣು ಮುಚ್ಚಿ, ಒಡೆದ ತೆಂಗಿನಕಾಯಿಯ ನೀರನ್ನು ಇಂಜಿನ್ನಿನ ನೆತ್ತಿಗೆ ಸುರಿಯುತ್ತಿದ್ದಳು. ಅದು ಹೊಸ ಕಾಯಿಲ್, ಹೊಸ ವೈರುಗಳ ಮೇಲೆಲ್ಲ ಹರಿದು ಪ್ಲಗ್ಗಿನ ಕುಣಿಗಳಿಗೆ ಇಳಿಯುತ್ತಿತ್ತು.

‘ಅವ್ವಾ! ಏನ್ ಮಾಡ್ಲಾಕತ್ತೀ?’

‘ಯಾಕೋ ಹಂಗ ಒದರ್ತಿ? ಹ್ವಾದ ವರ್ಷ ಗಾಡಿ ಕುದ್ದು ನಿಂತಾಗ ಉಸ್ತಾದ್ರೇ ಅಂದಾರಲ್ಲ, ಇಂಜಿನ್ ಗರಂ ಆಗೇದ, ಥಂಡಾ ಇಡ್ರಿ ಅಂತ. ತೆಂಗಿನ ನೀರಕಿಂತ ತಂಪು ಯಾವುದದ? ದೂರದ ದಾರಿಗಿ ಹೊಂಟಾಗ ಹಾಕ್ತೇನಿ.’

‘ತಿರುಗಿ ಬರೋವಾಗ?’

‘ಅಲ್ಲಿ ಅಕ್ಕ ಹಾಕ್ತಾಳ.’

‘ಆಕಿ ಬಿದ್ದ ದಿನ?’

‘ಅವತ್ತು ಅವಸರ ಇತ್ತಲ್ಲ, ಎರಡು ಕಾಯಿ ಹಾಕ್ದೆ.’

ಪ್ಲಗ್ ನೆನೆದರೆ ಕಿಡಿ ಇಲ್ಲ, ಕಿಡಿ ಇಲ್ಲದಿದ್ದರೆ ಡುಗ್. ಇಷ್ಟು ದಿನ ಪ್ರಸಾದಕ್ಕೆ ಕೊಬ್ಬರಿ ಮಾತ್ರ ಬರುತ್ತಿತ್ತು, ನೀರು ಯಾಕೆ ಬರುತ್ತಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು. ಕಿರುಚಲು ಬಾಯಿ ತೆರೆದೆ, ಆದರೆ ಹೊತ್ತಿರಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಒರೆಸಿದೆ. ಮನೆಯ ಟೇಬಲ್ ಫ್ಯಾನು ತಂದು ಇಂಜಿನ್ನಿನ ಮುಂದೆ ಇಟ್ಟೆ. ಹಾದು ಹೋಗುವವರೆಲ್ಲ ನಿಂತು, ಕಾರಿಗೆ ಗಾಳಿ ಹಾಕುವ ಮಗನನ್ನು ನೋಡಿದರು. ‘ಇನ್ನ ಮ್ಯಾಲ ಒಂದ್ ಹನಿ ತೆಂಗಿನ ನೀರು ಬೀಳಬಾರ್ದು. ದೊಡ್ಡವ್ವಗೂ ಹೇಳು’ ಎಂದೆ. ‘ಹೇಳ್ತೇನಪ್ಪಾ’ ಎಂದಳು ಅವ್ವ.

ಸಾಲಿನಲ್ಲಿ ನಮ್ಮ ಪಾಳಿ ಬಂದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ತಪಾಸಣೆಯ ಸಾಹೇಬರು ಬ್ರೇಕು ನೋಡಿದರು, ದೀಪ ನೋಡಿದರು, ಹೊಗೆ ನೋಡಿದರು. ಬಾನೆಟ್ ಎತ್ತಿ, ಇಂಜಿನ್ನಿನ ಮೇಲಿದ್ದ ಅರಿಶಿನ ಕುಂಕುಮವನ್ನೂ ನೋಡಿದರು. ‘ರೇಸ್ ಮಾಡ್ರಿ’ ಎಂದರು. ಮಾಡಿದೆ. ಇಂಜಿನ್ ಗುಂಯ್ ಎಂದು ಏರಿತು, ಏರಿತು, ತುದಿ ಮುಟ್ಟಿ ಒಂದೇ ಒಂದು ಸಲ ‘ಡುಗ್’ ಎಂದಿತು.

ಸಾಹೇಬರ ಹುಬ್ಬು ಮೇಲೇರಿತು. ‘ಇದೇನ್ರಿ?’

ಹಿಂದಿನ ಸೀಟಿನಿಂದ ಅವ್ವ ತಲೆ ಹೊರಗೆ ಹಾಕಿದಳು.

‘ಬಿಕ್ಕಳಿಕಿ ರೀ ಸಾಹೇಬ್ರ. ಔರಾದಿನಾಗ ನಮ್ಮ ಅಕ್ಕ ನೆನಸ್ಲಾಕತ್ಯಾಳ.’

ಸಾಹೇಬರು ನಕ್ಕರು, ಆದರೆ ಬಿಡಲಿಲ್ಲ. ಇನ್ನೂ ಎರಡು ಸಲ ರೇಸ್ ಮಾಡಿಸಿದರು. ಉಳಿದ ತೇವವೂ ಆ ಬಿಸಿಗೆ ಆರಿರಬೇಕು, ಇಂಜಿನ್ ಕೊರಳು ಸರಿಮಾಡಿಕೊಂಡ ಗವಾಯಿಯಂತೆ ಹಾಡಿತು. ‘ಪಾಸ್. ಹೋಗ್ರಿ’ ಎಂದರು. ‘ಅಮ್ಮಾ, ನಿಮ್ಮ ಅಕ್ಕಗ ಸ್ವಲ್ಪ ಕಮ್ಮಿ ನೆನಸ್ಲಾಕ ಹೇಳ್ರಿ!’

ಚಿಕಿತ್ಸೆ

ಅಂದು ಔರಾದಿನವರೆಗೆ ಕಾರು ಒಂದು ಸಲವೂ ಎಡವಲಿಲ್ಲ. ಏರುಗಳೆಲ್ಲ ಸಪಾಟಾಗಿವೆಯೇನೋ ಅನ್ನಿಸಿತು. ನನಗೆ ಹಾಡಬೇಕೆನ್ನುವಷ್ಟು ಖುಷಿ, ಹಾಡಿದೆ ಕೂಡ. ದೊಡ್ಡವ್ವನ ಮನೆಯಲ್ಲಿ ಹೋಳಿಗೆ ಉಂಡೆ. ತಿಂಗಳುಗಳ ನಿದ್ದೆ ಬಾಕಿ ಇತ್ತು, ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿಬಿಟ್ಟೆ. ಅಕ್ಕತಂಗಿಯರು ಅಡುಗೆಮನೆಯಲ್ಲಿ ಪಿಸುಪಿಸು ಮಾತಾಡುತ್ತಿದ್ದುದು ನಿದ್ದೆಗಣ್ಣಿನಲ್ಲಿ ಕೇಳಿಸಿತು. ಪಾಪ, ಎಷ್ಟು ಪ್ರೀತಿ ಎಂದುಕೊಂಡೆ.

ತಿರುಗಿ ಹೊರಟೆವು. ಊರ ಹೊರಗಿನ ಮೊದಲ ಏರು.

ಡುಗ್.

ಡುಗ್… ಡುಗ್… ಕಾರು ಬದಿಗೆ ಹಾಕಿ, ಇಳಿದು ಬಾನೆಟ್ ಎತ್ತಿದೆ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಅದರಲ್ಲಿ ಶುಂಠಿ, ಮೆಣಸು, ಬೆಲ್ಲದ ಘಮ. ಕಾಯಿಲ್ ಮೇಲೆ ಒಂದು ತುಳಸಿ ಎಲೆ ಅಂಟಿಕೊಂಡಿತ್ತು.

‘ಅವ್ವಾ,’ ಎಂದೆ, ಆದಷ್ಟು ಮೆಲ್ಲಗೆ, ‘ತೆಂಗಿನ ನೀರು ಹಾಕಬ್ಯಾಡಂತ ದೊಡ್ಡವ್ವಗ ಹೇಳಿದಿಲ್ಲೋ?’

‘ಹೇಳ್ದೆ. ಖರೇನೇ ಒಂದ್ ಹನಿ ಹಾಕಿಲ್ಲ. ತಂಪು ಜಾಸ್ತಿ ಆಗಿ ಗಾಡಿಗಿ ತ್ರಾಸ ಆಗ್ಯಾದಂತ ಅಂದೆ. ಅಕಿ ಹೌಹಾರಿ ಬಿಟ್ಟಳು. ವರ್ಷದ ಶೀತ ಒಳಗ ಕುಂತದ, ಹಂಗ ಬಿಟ್ರ ಕಫ ಕಟ್ತದ ಅಂದಳು.’

‘ಅದಕ್ಕ?’

‘ಅದಕ್ಕ ಕಷಾಯ ಕಾಸಿದ್ಳು. ಒಂದು ತಂಬಿಗಿ ಹಾಕಿದಿವಿ. ನೀ ಮಲ್ಕೊಂಡಿದ್ದಿ, ಎಬ್ಬಿಸ್ಲಿಲ್ಲ.’

ಬಾನೆಟ್ ಮುಚ್ಚಿ, ಒಳಗೆ ಕುಳಿತು, ಹಲ್ಲು ಕಚ್ಚಿ ಕೀಲಿ ತಿರುಗಿಸಿದೆ. ಇಂಜಿನ್ ಮೈಯೆಲ್ಲ ನಡುಗಿಸಿ ‘ಡುಗ್… ಡುಗ್… ಢಬ್!’ ಎಂದು ಸೈಲೆನ್ಸರಿನಿಂದ ಒಂದು ಉಂಡೆ ಕರೀ ಹೊಗೆ ಉಗುಳಿತು.

ಅವ್ವನ ಮುಖ ಅರಳಿತು.

‘ನೋಡ್, ಕೆಮ್ಮು ಸಡಿಲ ಆಗ್ಲಾಕತ್ಯಾದ!’