ನನ್ನ ಸಾವಯವ ಗದ್ದೆ ಹಸಿರಾದ ಬಗೆ

ಸಾವಯವ ಕೃಷಿ ಬಹಳ ಸುಲಭ. ಏನನ್ನೂ ಹಾಕದೆ ಸುಮ್ಮನಿದ್ದರೆ ಅರ್ಧ ಕೆಲಸ ಮುಗಿದಂತೆ! ಮೊಬೈಲಿನಲ್ಲಿ ನಾಲ್ಕಾರು ವಿಡಿಯೊ ನೋಡಿ ನಾನು ಈ ಮಹಾಜ್ಞಾನ ಸಂಪಾದಿಸಿದೆ. ಭದ್ರಾವತಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಭತ್ತ ಯಾವ ಲೆಕ್ಕ?

ಹೊಳೆಹೊನ್ನೂರಿನ ಹತ್ತಿರ ನಮಗೆ ಎರಡು ಎಕರೆ ಗದ್ದೆಯಿದೆ. ನನ್ನವರು ರಾಗಿಗುಡ್ಡದ ನಮ್ಮ ಮನೆಯಿಂದ ದಿನಾ ಬೈಕಿನಲ್ಲಿ ಹೋಗಿ ನೋಡಿಕೊಳ್ಳುತ್ತಾರೆ. ವಿಷ ಬೆಳೆದಿದ್ದು ಸಾಕು, ಗದ್ದೆಯನ್ನು ನನಗೆ ಬಿಡಿ ಎಂದು ಅವರ ತಲೆ ತಿಂದೆ. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು.

"ಒಂದು ಬೆಳೆ ನಿಂದು ಮಾರಾಯ್ತಿ. ಸಾವಯವ ಸರ್ಟಿಫಿಕೇಟ್ ಕೊಡೋರು ಬಂದು ನೋಡಿ ಒಪ್ಪಿದ್ರೆ ಗದ್ದೆ ನಿನ್ನ ಕೈಲೇ ಇರ್ಲಿ. ಇಲ್ಲ ಅಂದ್ರೆ ಮತ್ತೆ ಆ ಕಡೆ ತಲೆ ಹಾಕ್ಬಾರದು."

ಮೊದಲಿಗೆ ಜೀವಾಮೃತ. ಕೋಟೆ ಬಡಾವಣೆಯ ಪರಿಚಯದವರ ಮನೆಯಿಂದ ನಾಟಿ ಹಸುವಿನ ಸಗಣಿ, ಗಂಜಲ ತಂದೆ. ಬೆಲ್ಲ, ಕಡ್ಲೆಹಿಟ್ಟು ಕಲಸಿ ತಾರಸಿಯ ಮೇಲೆ ಡ್ರಮ್ಮಿನಲ್ಲಿ ಕೊಳೆಹಾಕಿದೆ. ಬಾಯಿಗೆ ಗೋಣಿಚೀಲ ಹೊದಿಸಿ ಗಾಳಿಯಾಡಲು ಬಿಡಬೇಕಂತೆ. ಅಕ್ಕಪಕ್ಕದವರ ಮೂಗಿನ ಗತಿ? ಸುಸಂಸ್ಕೃತಳಾದ ನಾನು ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆ. ಕಾರಿನಲ್ಲಿ ಒಯ್ಯುವಾಗ ಮೊದಲ ಹಂಪಿನಲ್ಲೇ ಒಳಗೆ ಕಟ್ಟಿದ್ದ ಗ್ಯಾಸಿಗೆ ಮುಚ್ಚಳ ಹಾರಿತು. ಅರ್ಧ ಜೀವಾಮೃತ ಸೀಟಿಗೆ, ಕಾಲುಭಾಗ ನನ್ನವರ ಬೆನ್ನಿಗೆ! ಉಳಿದಿದ್ದರಿಂದ ಎರಡೂ ಎಕರೆಯನ್ನು ಉದ್ಧಾರ ಮಾಡಿದೆ.

ಭತ್ತ ಹಳದಿಯಾಯಿತು. ನನ್ನವರು ಒಂದು ಹಳದಿ ಗರಿ ಕಿತ್ತು ತಂದು ನನ್ನ ಟೇಬಲ್ಲಿನ ಮೇಲಿಟ್ಟರು. ಅದನ್ನು ನೋಡಿ ಮೈಯೆಲ್ಲ ಉರಿಯಿತು, ಒಳಗೊಳಗೇ ಹೆದರಿಕೆಯೂ ಆಯಿತು. ಅಷ್ಟರಲ್ಲಿ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಬಂದು ಕೆಲವು ವಾರ ಗದ್ದೆಗೆ ಹೋಗಲಾಗಲಿಲ್ಲ. ಆಮೇಲೆ ಹೋಗಿ ನೋಡಿದರೆ, ಕಡುಹಸಿರು! ಸ್ಟಾಫ್ ರೂಮಿನಲ್ಲಿ ಫೋಟೊ ತೋರಿಸಿ, ಮಣ್ಣು ಈಗ ಉಸಿರಾಡುತ್ತಿದೆ ಎಂದು ಭಾಷಣ ಬಿಗಿದೆ. ಸಮಾಜ ವಿಜ್ಞಾನದ ಮೇಷ್ಟ್ರು ನನಗೆ ಕೈ ಮುಗಿಯುವುದೊಂದು ಬಾಕಿಯಿತ್ತು.

ಪರಿಶೀಲನೆಗೆ ಅಧಿಕಾರಿ ಬಂದರು. ಬದುವಿನ ಮೇಲೆ ನಿಂತು, ಇಷ್ಟು ಹಸಿರು ಹೇಗೆ ಬಂತು ಎಂದು ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಉತ್ತರ ಕೊಟ್ಟವರು ಪಕ್ಕದ ಗದ್ದೆಯ ರುದ್ರೇಶಣ್ಣ. ಅವರ ಮಗಳಿಗೆ ನಾನು ವರ್ಷವಿಡೀ ಪುಕ್ಕಟೆ ಗಣಿತ ಹೇಳಿಕೊಟ್ಟಿದ್ದೆ. ನಮ್ಮ ಕಡೆ ಒಬ್ಬರು ನಮ್ಮ ಗದ್ದೆಗೆ ಬಂದು ದುಡಿದರೆ ನಾವೂ ಅವರ ಗದ್ದೆಗೆ ಹೋಗಿ ದುಡಿದು ಮುಯ್ಯಿ ತೀರಿಸುವುದು ವಾಡಿಕೆ. ರುದ್ರೇಶಣ್ಣ ವಾಡಿಕೆ ತಪ್ಪುವವರಲ್ಲ.

"ಮೇಡಂ ಗದ್ದೆ ಬಿಳಿಚ್ಕೊಂಡಿತ್ತು ಸಾರ್, ನೋಡಕ್ಕಾಗ್ಲಿಲ್ಲ. ನಮ್ಮ ಹುಡುಗಿಗೆ ಅಷ್ಟು ಪಾಠ ಹೇಳಿದಾರೆ, ಮುಯ್ಯಿ ಉಳಿಸ್ಕೋಬಾರ್ದು ಅಂತ ನಾನೇ ಬಂದು ಎರಡು ಚೀಲ ಯೂರಿಯಾ ಎರಚಿದೆ."

ಅಧಿಕಾರಿ ಪೆನ್ನಿನ ಕ್ಯಾಪು ಮುಚ್ಚಿದರು. ಯೂರಿಯಾ ಬಿದ್ದ ಮೇಲೆ ಸಾವಯವದ ಲೆಕ್ಕ ಇನ್ನು ಮೊದಲಿನಿಂದ ಶುರು ಎಂದು ಹೇಳಿ ಜೀಪು ಹತ್ತಿದರು. ನನ್ನವರು ನಗು ತಡೆಯಲಾರದೆ ಕಾಲುವೆಯ ಕಡೆ ಮುಖ ತಿರುಗಿಸಿದರು. ಕರಾರಿನಂತೆ ಗದ್ದೆ ನನ್ನ ಕೈತಪ್ಪಿತು. ಅಳು ಬಂದದ್ದು ನಿಜ.

ರುದ್ರೇಶಣ್ಣನ ಮುಖ ಸಣ್ಣಗಾಯಿತು. ಏನಾದರೂ ತಪ್ಪಾಯಿತೇ ಎಂದು ಮೆಲ್ಲಗೆ ಕೇಳಿದರು. ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಗಾಳಿಗೆ ತೂಗುತ್ತಿದ್ದ ಆ ಹಸಿರು ಕಣ್ಣಿಗೆ ಬಿತ್ತು.

"ಏನಿಲ್ಲ ರುದ್ರೇಶಣ್ಣ," ಎಂದೆ. "ಚೀಲದಲ್ಲಿ ಇನ್ನೂ ಸ್ವಲ್ಪ ಉಳಿದಿದ್ರೆ ಆ ಮೂಲೆಗೂ ಎರಚಿಬಿಡಿ. ಅಲ್ಲಿನ್ನೂ ಹಳದಿ ಇದೆ."